ಮನೆಯಂಗಳದಲ್ಲಿ ಸೀಸದ ಗುಂಡು

1776ರ ಜುಲೈ 9ರ ಸಂಜೆ ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಿದ್ದೇ ತಡ, ಜನ ಬೌಲಿಂಗ್ ಗ್ರೀನ್‌ಗೆ ನುಗ್ಗಿ ಮೂರನೆಯ ಜಾರ್ಜ್ ದೊರೆಯ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಕುದುರೆ ಏರಿ ಕೂತಿದ್ದ ದೊರೆಗೆ ಹೊರಗೆ ಚಿನ್ನದ ಲೇಪ, ಒಳಗೆ ಸೀಸ. ತುಂಡುಗಳಲ್ಲಿ ಹೆಚ್ಚಿನವು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಎಂಬ ಊರಿಗೆ, ಆಲಿವರ್ ವುಲ್ಕಾಟ್ ಅವರ ಮನೆಗೆ ಸಾಗಿದವು. ಅಲ್ಲಿನ ಹೆಂಗಸರು, ಮಕ್ಕಳು ಸೇರಿ ದೊರೆಯನ್ನು ಕರಗಿಸಿ, ಅಚ್ಚಿಗೆ ಹೊಯ್ದು 42,088 ಗುಂಡು ತೆಗೆದರು. ಯಾರ ಕೈಯಿಂದ ಎಷ್ಟು ಬಂತೆಂಬ ಲೆಕ್ಕವನ್ನೂ ಬರೆದಿಟ್ಟರು.

ಇದಕ್ಕೆ ಕಾರ್ಖಾನೆ ಬೇಕಾಗಲಿಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಸೌದೆ ಒಲೆಯ ಉರಿಗೆ ಅದೇನೂ ದೊಡ್ಡ ಮಾತಲ್ಲ. ಈ ಒಂದು ಗುಣದಿಂದಾಗಿಯೇ ಗುಂಡು ಎರಕ ಹೊಯ್ಯುವುದು ಇವತ್ತಿಗೂ ಅಮೆರಿಕದ ಸಾವಿರಾರು ಮನೆಗಳ ಹಿತ್ತಿಲಲ್ಲಿ, ಗ್ಯಾರೇಜಿನಲ್ಲಿ ಹವ್ಯಾಸವಾಗಿ ಉಳಿದಿದೆ. ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಿ ಮಾರುವವರಿಗೆ ಪರವಾನಗಿ ಬೇಕು. ಸ್ವಂತ ಬಳಕೆಗೆ ಮಾಡಿಕೊಳ್ಳುವವರಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಹೀಗಾಗಿ ಹೊಸಬರು ಇದಕ್ಕೆ ಕೈಹಾಕುತ್ತಲೇ ಇರುತ್ತಾರೆ. ಕೈಹಾಕುವ ಪ್ರತಿಯೊಬ್ಬರದೂ ಮೊದಲ ಪ್ರಶ್ನೆ ಒಂದೇ: ಯಾವ ಪಾತ್ರೆ ಕೊಳ್ಳಲಿ, ಯಾವ ಅಚ್ಚು ಕೊಳ್ಳಲಿ? ನನ್ನ ಮಟ್ಟಿಗೆ ಈ ಪ್ರಶ್ನೆಯೇ ತಿರುವುಮುರುವು. ಪಾತ್ರೆಯ ವಿಚಾರ ಒಂದು ಸಂಜೆಯಲ್ಲಿ ಬಗೆಹರಿಯುತ್ತದೆ. ಸೀಸ ಎಲ್ಲಿಂದ ಬಂತು, ಕರಗಿದ ಮೇಲೆ ಎಲ್ಲೆಲ್ಲಿಗೆ ಹೋಯಿತು ಎಂಬುದು ವರ್ಷಗಟ್ಟಲೆ ಬೆನ್ನು ಬಿಡದ ವಿಚಾರ.

ಮೊದಲೇ ಒಂದು ಗೊಂದಲ ಕಳೆದುಕೊಳ್ಳಬೇಕು. ಗುಂಡು ಎಂದರೆ ತೋಟಾ ಅಲ್ಲ. ತೋಟಾಕ್ಕೆ ಹಿತ್ತಾಳೆಯ ಕೋಶ, ಕೇಪು, ಮದ್ದು, ಗುಂಡು ಎಂದು ನಾಲ್ಕು ಅಂಗ. ನಳಿಗೆಯಿಂದ ಹೊರಗೆ ಹಾರುವ ಲೋಹದ ತುಣುಕು ಮಾತ್ರ ಗುಂಡು. ಎರಕದ ಹವ್ಯಾಸ ಈ ಕೊನೆಯದಕ್ಕೆ ಸಂಬಂಧಿಸಿದ್ದು. ಉಳಿದವನ್ನು ಜೋಡಿಸುವುದು ಬೇರೆಯೇ ವಿದ್ಯೆ, ಅದರ ಅಪಾಯಗಳೂ ಬೇರೆ.

ಸೈನ್ಯಗಳು ಬರಿಯ ಸೀಸದ ಗುಂಡನ್ನು ಕೈಬಿಟ್ಟು ಶತಮಾನದ ಮೇಲಾಯಿತು. 1849ರಲ್ಲಿ ಫ್ರಾನ್ಸಿನ ಕ್ಲೋಡ್ ಎಟಿಯೆನ್ ಮಿನಿಯೇ ಹೊರತಂದ, ಬುಡ ಟೊಳ್ಳಾದ ಉದ್ದನೆಯ ಗುಂಡು ಸೀಸದ ಮೆತ್ತನೆ ಗುಣವನ್ನೇ ಬಂಡವಾಳ ಮಾಡಿಕೊಂಡಿತು. ಮದ್ದು ಸಿಡಿದಾಗ ಬುಡ ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಅದೇ ತತ್ವದ 1853ರ ಎನ್‌ಫೀಲ್ಡ್ ಬಂದೂಕು ಭಾರತಕ್ಕೆ ಬಂದಾಗ ಆದದ್ದು ನಮಗೆಲ್ಲ ಗೊತ್ತು. ಸಿಪಾಯಿಗಳು ಹಲ್ಲಿನಲ್ಲಿ ಕಚ್ಚಿ ಹರಿಯಬೇಕಿದ್ದ ಕಾಗದದ ತೋಟಾಕ್ಕೆ ಕೊಬ್ಬು ಸವರಿದ್ದು ಬಿಗಿಯಾದ ಗುಂಡು ನಳಿಗೆಯೊಳಗೆ ಸರಾಗವಾಗಿ ಇಳಿಯಲಿ ಎಂದು. ಯಾವ ಪ್ರಾಣಿಯ ಕೊಬ್ಬು ಎಂಬ ಪ್ರಶ್ನೆ 1857ಕ್ಕೆ ಕಿಡಿ ಹಚ್ಚಿತು. ಜಾರುಪದಾರ್ಥದ ಜಗಳ ಹವ್ಯಾಸಿಗಳ ನಡುವೆ ಇನ್ನೂ ಮುಗಿದಿಲ್ಲ; ಈಗಿನ ಜಗಳ ಜೇನುಮೇಣ ಮತ್ತು ಆಲಾಕ್ಸ್ ಎಂಬ ಎಣ್ಣೆಜಿಡ್ಡಿನ ಬೆರಕೆಯ ಸುತ್ತ, ಅಷ್ಟೇ.

1886ರಲ್ಲಿ ಫ್ರಾನ್ಸಿನ ಲೆಬೆಲ್ ಬಂದೂಕಿನೊಂದಿಗೆ ಹೊಗೆಯಿಲ್ಲದ ಮದ್ದು ಬಂತು. ಗುಂಡಿನ ವೇಗ ಏರಿತು, ಮೆತ್ತನೆಯ ಸೀಸ ಗೀರುಗಳಲ್ಲಿ ನಿಲ್ಲದೆ ಉಜ್ಜಿಹೋಯಿತು, ತಾಮ್ರದ ಅಂಗಿ ತೊಡಿಸಿದ ಗುಂಡುಗಳ ಕಾಲ ಶುರುವಾಯಿತು. ಬರಿಯ ಸೀಸ ಉಳಿದದ್ದು ಪಿಸ್ತೂಲು, ರಿವಾಲ್ವರ್, ಹಳೆಯ ರೈಫಲ್ಲುಗಳವರ ಬಳಿ. ಜಾನ್ ಬಾರ್ಲೊ 1884ರಲ್ಲಿ ಶುರುಮಾಡಿದ ಐಡಿಯಲ್ ಎಂಬ ಕಂಪನಿ ಅಚ್ಚುಗಳನ್ನೂ ಅವುಗಳ ಕೈಪಿಡಿಯನ್ನೂ ಮನೆಮನೆಗೆ ಮುಟ್ಟಿಸಿತು. 1925ರಲ್ಲಿ ಅದನ್ನು ಲೈಮನ್ ಕಂಪನಿ ಕೊಂಡಿತು. ಐಡಾಹೊ ರಾಜ್ಯದ ದನಗಾಹಿ, ಲೇಖಕ ಎಲ್ಮರ್ ಕೀತ್ ತಾನೇ ವಿನ್ಯಾಸ ಮಾಡಿದ ಚಪ್ಪಟೆ ಮೂತಿಯ ಸೀಸದ ಗುಂಡುಗಳಿಂದ ಎಷ್ಟು ಹೆಸರಾದನೆಂದರೆ ಇಂದಿಗೂ ಆ ಆಕಾರಕ್ಕೆ ಅವನ ಹೆಸರೇ ಗುರುತು. 1958ರಲ್ಲಿ ಶುರುವಾದ ಲೀ ಕಂಪನಿ ಅಲ್ಯೂಮಿನಿಯಂ ಅಚ್ಚುಗಳನ್ನು ಅಗ್ಗವಾಗಿ ಕೊಟ್ಟು ಹೊಸಬರ ಬಾಗಿಲು ತೆರೆಯಿತು.

ಇನ್ನು ಲೋಹದ ಮಾತು. ಶುದ್ಧ ಸೀಸವನ್ನು ಉಗುರಿನಲ್ಲಿ ಗೀರಬಹುದು. ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ ಸುಮಾರು 5. ಮೂತಿಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಅದೇ ಸರಿ. ಅದಕ್ಕಿಂತ ವೇಗ ಬೇಕಾದರೆ ತವರವನ್ನೂ ಆಂಟಿಮನಿಯನ್ನೂ ಬೆರೆಸಬೇಕು. ತವರ ಲೋಹವನ್ನು ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ, ಆಂಟಿಮನಿ ಗಡಸು ಕೊಡುತ್ತದೆ. ಲೈಮನ್ ನಂಬರ್ 2 ಎಂಬ ಪ್ರಸಿದ್ಧ ಪಾಕದಲ್ಲಿ 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ. ಗಡಸುತನ 15ರ ಆಸುಪಾಸು. ಹವ್ಯಾಸಿಗಳು ಚಿನ್ನದಂತೆ ಕೂಡಿಡುವ ಇನ್ನೊಂದು ಪಾಕ ಲೈನೊಟೈಪ್. ಪತ್ರಿಕೆಗಳ ಅಕ್ಷರ ಎರಕ ಹೊಯ್ಯಲು 1886ರಿಂದ ಬಳಕೆಗೆ ಬಂದ ಯಂತ್ರದ ಲೋಹ ಅದು: ಸೀಸ 84, ಆಂಟಿಮನಿ 12, ತವರ 4. ಆಫ್‌ಸೆಟ್ ಮುದ್ರಣ ಬಂದು ಅಚ್ಚುಕೂಟಗಳು ಮುಚ್ಚಿದಾಗ ಅಮೆರಿಕದಲ್ಲಿ ಆ ಲೋಹದ ಒಂದು ಪಾಲು ಗುಂಡುಗಳಾಯಿತು. ನಮ್ಮ ಮುದ್ರಣಾಲಯಗಳ ಕನ್ನಡದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಬೆರಕೆಯವು. ಕೈಬೆರಳು ಕಪ್ಪಾಗಿಸಿಕೊಂಡು ಮೊಳೆ ಜೋಡಿಸುತ್ತಿದ್ದವರಿಗೆ ಈ ಸೀಸದ ಸಹವಾಸ ಬಲು ಹಳೆಯದು. ಅದಕ್ಕೂ ಹಿಂದೆ ಹೋದರೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೇ ಸಿಕ್ಕಿವೆ.

ಬಹುಕಾಲ ಹೊಸಬರಿಗೆ ಸುಲಭವಾಗಿ ದಕ್ಕುತ್ತಿದ್ದದ್ದು ಕಾರಿನ ಚಕ್ರಕ್ಕೆ ಸಮತೂಕಕ್ಕಾಗಿ ಸಿಕ್ಕಿಸುವ ಪುಟ್ಟ ತೂಕದ ಬಿಲ್ಲೆಗಳು. ಟೈರು ಅಂಗಡಿಯವರು ಬಕೆಟ್ಟುಗಟ್ಟಲೆ ಕೊಟ್ಟುಬಿಡುತ್ತಿದ್ದರು. ಆ ಕಾಲ ಮುಗಿಯುತ್ತಾ ಬಂದಿದೆ. ಯುರೋಪು 2005ರಲ್ಲಿ, ಕ್ಯಾಲಿಫೋರ್ನಿಯಾ 2010ರಲ್ಲಿ ಸೀಸದ ಬಿಲ್ಲೆಗಳನ್ನು ನಿಷೇಧಿಸಿದವು. ಈಗ ಬಕೆಟ್ಟಿನಲ್ಲಿ ಸತುವಿನ, ಉಕ್ಕಿನ ಬಿಲ್ಲೆಗಳೇ ಹೆಚ್ಚು. ಉಕ್ಕು ತೊಂದರೆ ಕೊಡದು, ಕರಗದೆ ತೇಲುತ್ತದೆ. ಕಾಟ ಸತುವಿನದು. ಅದು ಕರಗುವುದು 419 ಡಿಗ್ರಿಗೆ. ಉರಿ ಸ್ವಲ್ಪ ಮಿತಿಮೀರಿದರೆ ಸದ್ದಿಲ್ಲದೆ ಸೀಸದಲ್ಲಿ ಬೆರೆತು ಇಡೀ ಪಾತ್ರೆಯನ್ನು ಗಂಜಿಯಂತೆ ಮಾಡಿಬಿಡುತ್ತದೆ, ಅಚ್ಚು ತುಂಬುವುದೇ ಇಲ್ಲ. ಅದಕ್ಕೇ ಅನುಭವಿಗಳು ಬಿಲ್ಲೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಕಚ್ಚಿ ನೋಡುತ್ತಾರೆ: ಹಲ್ಲಿನ ಗುರುತು ಬಿದ್ದರೆ ಸೀಸ. ಹಳೆಯ ಕಾರ್ ಬ್ಯಾಟರಿ ಒಡೆದು ಸೀಸ ತೆಗೆಯುವ ಆಸೆಯನ್ನಂತೂ ಬಿಟ್ಟೇಬಿಡಬೇಕು. ಆಮ್ಲ ಒಂದು ಕಡೆ; ಅದರ ತಟ್ಟೆಗಳಲ್ಲಿರುವ ಆಂಟಿಮನಿ, ಆರ್ಸೆನಿಕ್‌ಗಳು ಕ್ಯಾಲ್ಸಿಯಂ ಜೊತೆ ಸೇರಿದಾಗ ಸ್ಟಿಬೈನ್, ಆರ್ಸೈನ್ ಎಂಬ ಮಾರಕ ಅನಿಲಗಳು ಹುಟ್ಟುವ ಅಪಾಯ ಇನ್ನೊಂದು ಕಡೆ.

ಕೆಲಸ ಎರಡು ಹಂತದ್ದು, ಇವೆರಡನ್ನೂ ಒಂದೇ ಪಾತ್ರೆಯಲ್ಲಿ ಮಾಡಬಾರದು. ಗುಜರಿ ಸೀಸವನ್ನು ಬಯಲಲ್ಲಿ, ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿ ಶುದ್ಧಮಾಡುವುದು ಮೊದಲನೆಯದು. ಕರಗಿದ ಲೋಹದ ಮೇಲೆ ಚೂರು ಮೇಣವನ್ನೋ ಹಿಡಿ ಮರದ ಹೊಟ್ಟನ್ನೋ ಹಾಕಿ ಕಲಕುತ್ತಾರೆ. ಅದು ಉರಿದು ಇಂಗಾಲವಾಗುವಾಗ ಆಕ್ಸೈಡ್ ಆಗಿದ್ದ ತವರ ಮತ್ತೆ ಲೋಹವಾಗಿ ಒಳಗಿಳಿಯುತ್ತದೆ, ಮಣ್ಣು ಮಸಿಯೆಲ್ಲ ಕಿಟ್ಟವಾಗಿ ಮೇಲೆ ಬರುತ್ತದೆ. ಕಿಟ್ಟ ತೆಗೆದು ಸೀಸವನ್ನು ಗಟ್ಟಿಗಳಾಗಿ ಹೊಯ್ದಿಟ್ಟುಕೊಂಡರೆ ಎರಡನೆಯ ಹಂತಕ್ಕೆ ಶುದ್ಧ ಸರಕು ಸಿದ್ಧ.

ಎರಡನೆಯದೇ ನಿಜವಾದ ಎರಕ. ಸುಮಾರು ಒಂಬತ್ತು ಕಿಲೋ ಹಿಡಿಯುವ ವಿದ್ಯುತ್ ಪಾತ್ರೆ, ಲೋಹದ ಥರ್ಮಾಮೀಟರ್, ಹಿಡಿಕೆಯುಳ್ಳ ಎರಡು ಹೋಳಿನ ಅಚ್ಚು. ಸೀಸವನ್ನು 370ರಿಂದ 400 ಡಿಗ್ರಿಯ ನಡುವೆ ಇಡುತ್ತಾರೆ. ಅಚ್ಚಿನ ತಲೆಯ ಮೇಲೊಂದು ತಿರುಗುವ ತಗಡು, ಅದರಲ್ಲಿ ತೂತು. ತೂತಿಗೆ ಸೀಸ ಹೊಯ್ದಾಗ ಅದು ಗುಂಡಿನ ಆಕಾರ ತುಂಬಿ, ಮೇಲೆ ಒಂದಿಷ್ಟು ಗುಬುಟಾಗಿ ನಿಲ್ಲುತ್ತದೆ. ಆ ಗುಬುಟನ್ನೇ ನೋಡುತ್ತಿರಬೇಕು. ಕನ್ನಡಿಯಂತೆ ಹೊಳೆಯುತ್ತಿದ್ದದ್ದು ಕೆಲವು ಸೆಕೆಂಡುಗಳಲ್ಲಿ ಇದ್ದಕ್ಕಿದ್ದಂತೆ ಮಂಕಾಗುತ್ತದೆ, ನಡುವೆ ಸಣ್ಣ ಕುಳಿ ಬೀಳುತ್ತದೆ. ಒಳಗಿನ ಲೋಹ ತಣಿದು ಕುಗ್ಗುತ್ತಾ ಮೇಲಿನಿಂದ ಎಳೆದುಕೊಳ್ಳುವುದರ ಗುರುತು ಅದು. ಮಂಕಾದ ಮೇಲೆ ಇನ್ನೂ ಒಂದೆರಡು ಉಸಿರು ತಡೆದು, ತಗಡನ್ನು ತಿರುಗಿಸಿ ಗುಬುಟನ್ನು ಕತ್ತರಿಸಿ, ಅಚ್ಚು ಬಿಚ್ಚಿ, ಗುಂಡನ್ನು ಮಡಚಿದ ಬಟ್ಟೆಯ ಮೇಲೆ ಬೀಳಿಸಬೇಕು. ಅವಸರಪಟ್ಟರೆ ಗುಂಡಿನ ಬುಡ ಹರಿಯುತ್ತದೆ, ತಗಡಿಗೆ ಸೀಸ ಮೆತ್ತಿಕೊಳ್ಳುತ್ತದೆ. ಮೊದಲ ಹತ್ತು ಹದಿನೈದು ಗುಂಡುಗಳು ಕಾವೇರದ ಕಾವಲಿಯ ಮೇಲೆ ಹೊಯ್ದ ದೋಸೆಯ ಹಾಗೆ ಸುಕ್ಕುಸುಕ್ಕು. ಅವನ್ನು ಮರಳಿ ಪಾತ್ರೆಗೆ ಹಾಕಿದರಾಯಿತು. ಅಚ್ಚು ಅತಿಯಾಗಿ ಕಾದರೆ ಮೈ ಬೂದು ಹಿಡಿದಂತಾಗುತ್ತದೆ. ಹೊಸಬರು ಇದನ್ನು ದೋಷವೆಂದು ಎಸೆಯುತ್ತಾರೆ, ಅಂಚುಗಳು ಚೂಪಾಗಿದ್ದರೆ ಅದರಿಂದ ಏನೂ ಕೆಡುವುದಿಲ್ಲ.

ನೀರಿನ ಮಾತು ಬೇರೆಯಾಗಿಯೇ ಹೇಳಬೇಕು. ಕರಗಿದ ಸೀಸದ ಮೇಲೆ ಬಿದ್ದ ಬೆವರ ಹನಿ ಚುಯ್ ಎಂದು ಆರಿಹೋಗುತ್ತದೆ. ಅದನ್ನು ಕಂಡು ಧೈರ್ಯ ತಂದುಕೊಂಡವರನ್ನು ಕಾಯುತ್ತಿರುವುದು ಒದ್ದೆಯಾದ ಸೀಸದ ಗಟ್ಟಿ. ಅದರ ಸಂದಿನಲ್ಲಿದ್ದ ತೇವ ಲೋಹದ ಮೇಲ್ಮೈ ಕೆಳಗೆ ಮುಳುಗಿ, ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿದಾಗ ಪಾತ್ರೆಯಲ್ಲಿದ್ದದ್ದೆಲ್ಲ ಸೂರಿಗೆ ಹಾರುತ್ತದೆ. ಮುಖ ಮುಚ್ಚುವ ಗುರಾಣಿ, ಉದ್ದ ತೋಳಿನ ಹತ್ತಿ ಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಬೂಟು ಇವೆಲ್ಲ ಅದಕ್ಕಾಗಿ. ಗಟ್ಟಿಗಳನ್ನು ಪಾತ್ರೆಯ ಅಂಚಿನ ಮೇಲಿಟ್ಟು ಬಿಸಿಮಾಡಿಯೇ ಒಳಗಿಳಿಸುವುದು, ಮಳೆ ಬೀಳುವಲ್ಲಿ ಕೆಲಸ ಮಾಡದಿರುವುದು ಇನ್ನೂ ಮುಖ್ಯ.

ಹೊಸಬರು ಹೆಚ್ಚು ಕಾಲ ಹಾಳುಮಾಡುವುದು ಗಡಸುತನದ ಬೆನ್ನುಹತ್ತಿ. ನಳಿಗೆಯೊಳಗೆ ಸೀಸ ಮೆತ್ತಿಕೊಂಡಿತೆಂದರೆ ಲೋಹ ಮೆತ್ತಗಾಯಿತೆಂದು ತೀರ್ಮಾನಿಸಿ ಇನ್ನಷ್ಟು ಲೈನೊಟೈಪ್ ಸುರಿಯುತ್ತಾರೆ. ಬಹುಪಾಲು ಸಲ ರೋಗ ಇರುವುದು ಅಳತೆಯಲ್ಲಿ. ಗುಂಡು ನಳಿಗೆಯ ಗೀರುಗಳ ಒಳ ಅಳತೆಗಿಂತ ಒಂದು ಇಂಚಿನ ಸಾವಿರದ ಒಂದು ಭಾಗದಷ್ಟಾದರೂ ದಪ್ಪ ಇರಬೇಕು. ಸಡಿಲವಾದರೆ ಸುಡುವ ಅನಿಲ ಪಕ್ಕದಿಂದ ನುಗ್ಗಿ ಗುಂಡಿನ ಮೈಯನ್ನು ಕೊರೆದು, ಕೊರೆದದ್ದನ್ನು ನಳಿಗೆಗೆ ಬಳಿಯುತ್ತದೆ. ಅತಿ ಗಡಸು ಗುಂಡು ಅರಳುವುದೂ ಇಲ್ಲ, ಸಂದು ಮುಚ್ಚುವುದೂ ಇಲ್ಲ. ಹಾಗಾಗಿ ಅಚ್ಚು ಕೊಳ್ಳುವ ಮುಂಚೆ ಮೆತ್ತನೆ ಸೀಸದ ತುಂಡೊಂದನ್ನು ಖಾಲಿ ನಳಿಗೆಯಲ್ಲಿ ತೂರಿಸಿ ಅಳೆದು ನೋಡುವವರು ಬುದ್ಧಿವಂತರು. ಜಾರುಪದಾರ್ಥಕ್ಕೆ ಬದಲಾಗಿ ಬಣ್ಣದ ಪುಡಿ ಲೇಪಿಸಿ ಓವನ್ನಿನಲ್ಲಿ ಬೇಯಿಸುವ ಪದ್ಧತಿ ಈಚೆಗೆ ಜನಪ್ರಿಯವಾಗಿದೆ. ಹೊಗೆ ಕಡಿಮೆ, ಕೈಗೆ ಅಂಟುವ ಸೀಸವೂ ಕಡಿಮೆ. ಆ ಓವನ್ನು ಮತ್ತೆ ಅಡುಗೆಮನೆಗೆ ಬರಕೂಡದು.

ಇಷ್ಟೆಲ್ಲ ಮಾಡಿ ಉಳಿಯುವುದೇನು? 158 ಗ್ರೇನ್ ತೂಗುವ ಸಾಧಾರಣ ರಿವಾಲ್ವರ್ ಗುಂಡು ಸುಮಾರು 10 ಗ್ರಾಂ. ಒಂದು ಪೌಂಡ್ ಸೀಸಕ್ಕೆ 44 ಗುಂಡು. ಸೀಸ ಪುಕ್ಕಟೆ ಸಿಗುತ್ತಿದ್ದ ಕಾಲಕ್ಕೆ ಈ ಲೆಕ್ಕ ಮೋಹಕ. ಈಗ ಸೀಸವನ್ನೂ ಕೊಳ್ಳಬೇಕು, ತವರವಂತೂ ದುಬಾರಿ, ಪಾತ್ರೆ ಅಚ್ಚು ಗುರಾಣಿಗಳ ಖರ್ಚು ಬೇರೆ. ವರ್ಷಕ್ಕೆ ಕೆಲವು ನೂರು ಗುಂಡು ಹಾರಿಸುವವರಿಗೆ ಅಂಗಡಿಯದೇ ಅಗ್ಗ. ಅಂಗಡಿಯಲ್ಲಿ ಸಿಗದ ಹಳೆಯ ಅಳತೆಯ ಬಂದೂಕು ಇಟ್ಟುಕೊಂಡವರಿಗೆ, ವಾರವಾರವೂ ಗುರಿ ಅಭ್ಯಾಸ ಮಾಡುವವರಿಗೆ ಮಾತ್ರ ಎರಕ ಗಿಟ್ಟುತ್ತದೆ. ಉಳಿದವರು ಮಾಡುವುದು ಖುಷಿಗೆ. ಖುಷಿಯೂ ಒಂದು ಕಾರಣವೇ, ಉಳಿತಾಯದ ವೇಷ ಹಾಕಿಸದಿದ್ದರಾಯಿತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮೈಯೊಳಗಿನ ಸೀಸದ್ದು. ಇಲ್ಲಿ ಎರಡು ತಪ್ಪು ನಂಬಿಕೆಗಳು ಎದುರುಬದುರು ನಿಂತಿವೆ. ಪಾತ್ರೆಯಿಂದ ವಿಷದ ಆವಿ ಏಳುತ್ತದೆ, ಹತ್ತಿರ ಹೋದರೆ ಕೆಟ್ಟೆವು ಎನ್ನುವವರು ಒಂದು ಕಡೆ. ಸೀಸ ಕುದಿಯುವುದೇ 1,749 ಡಿಗ್ರಿಗೆ, ಆದ್ದರಿಂದ ಏನೂ ಆಗದು ಎನ್ನುವವರು ಇನ್ನೊಂದು ಕಡೆ. ಎರಕದ ಕಾವಿನಲ್ಲಿ ಆವಿ ತೀರ ಕಡಿಮೆ ಎಂಬುದು ನಿಜ. ಆದರೂ ಗಾಳಿಯಾಡದ ಕೋಣೆಯಲ್ಲಿ ಕರಗಿಸುವುದು ದಡ್ಡತನ. ದೊಡ್ಡ ದಾರಿ ಬೇರೆ: ಕಿಟ್ಟದಲ್ಲಿರುವ ಸೀಸದ ಆಕ್ಸೈಡಿನ ನಯವಾದ ಪುಡಿ. ಅದು ಬೆರಳಿಗೆ, ಬೆರಳಿನಿಂದ ಬಾಯಿಗೆ, ಅಂಗಿಯಿಂದ ಸೋಫಾಕ್ಕೆ, ಬೂಟಿನಿಂದ ಮಗು ತೆವಳುವ ನೆಲಕ್ಕೆ ಹೋಗುತ್ತದೆ. ಪೊರಕೆಯಿಂದ ಗುಡಿಸಿದರೆ ಇಡೀ ಕೋಣೆಗೆ ಹರಡುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಜಾಗದಲ್ಲಿ ಕಾಫಿ, ಸಿಗರೇಟು ಕೂಡದು. ಕೆಲಸದ ವೇಳೆ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು, ತಿಪ್ಪೆಗೆ ಸುರಿಯಬಾರದು.

ದೊಡ್ಡವರ ಕರುಳು ನುಂಗಿದ ಸೀಸದ ಹತ್ತರಲ್ಲಿ ಒಂದು ಪಾಲನ್ನು ಹೀರಿಕೊಂಡರೆ, ಎಳೆಯ ಮಕ್ಕಳದು ಅರ್ಧದಷ್ಟನ್ನು ಹೀರಬಲ್ಲದು. ರಕ್ತದಲ್ಲಿರುವ ಸೀಸ ತಿಂಗಳೊಪ್ಪತ್ತಿಗೆ ಅರ್ಧವಾಗುತ್ತದೆ, ಎಲುಬಿಗೆ ಇಳಿದದ್ದು ದಶಕಗಳ ಕಾಲ ಕೂತಿರುತ್ತದೆ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದಲ್ಲಿ ಮಕ್ಕಳ ರಕ್ತದಲ್ಲಿ ಗಮನಿಸಬೇಕಾದ ಸೀಸದ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಎಂದು ಗೊತ್ತುಮಾಡಿದರು. ನಮ್ಮಲ್ಲಿ ಈ ವಿಷಯಕ್ಕೆ ದನಿ ಕೊಟ್ಟವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಪ್ರಮುಖರು. ಬಣ್ಣ, ಬ್ಯಾಟರಿ, ಪೆಟ್ರೋಲಿನ ಸೀಸದ ಬಗ್ಗೆ ಅವರ ಕೆಲಸ ದೊಡ್ಡದು. ಇನ್ನೊಂದು ಸಂಗತಿ ಎರಕದವರಿಗೇ ಗೊತ್ತಿರುವುದಿಲ್ಲ: ಕೇಪಿನೊಳಗೂ ಸಾಮಾನ್ಯವಾಗಿ ಸೀಸದ ಸಂಯುಕ್ತವೇ ಇರುತ್ತದೆ. ಗಾಳಿಯಾಡದ ಒಳಾಂಗಣ ಗುರಿಕೇಂದ್ರದಲ್ಲಿ ಉಸಿರಿಗೆ ಸೇರುವ ಸೀಸ ಪಾತ್ರೆಯ ಮುಂದೆ ನಿಂತು ಸೇರುವುದಕ್ಕಿಂತ ಹೆಚ್ಚಿರಬಹುದು.

ಗುಂಡು ಹಾರಿದ ಮೇಲೂ ಸೀಸದ ಕತೆ ಮುಗಿಯುವುದಿಲ್ಲ. ಬೇಟೆಗಾರರು ಬಿಟ್ಟುಹೋದ ಕರುಳುಗಳಲ್ಲಿದ್ದ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದುಗಳು ಸತ್ತವು. 1982ರಲ್ಲಿ ಲೋಕದಲ್ಲಿ ಉಳಿದಿದ್ದವು 22. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ ದೇಶದುದ್ದಕ್ಕೂ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸ ಬೇಡವೆಂದಿತು. ಗುರಿ ಅಭ್ಯಾಸಕ್ಕೆ ಈ ನಿಷೇಧವಿಲ್ಲ. ದಿಬ್ಬಕ್ಕೆ ಹೊಡೆದ ಗುಂಡುಗಳನ್ನು ಅಗೆದು ತೆಗೆದು ಮತ್ತೆ ಕರಗಿಸುವ ಎರಕದವರು ಆ ಮಟ್ಟಿಗೆ ನೆಲದ ಸೀಸ ಕಡಿಮೆಮಾಡುತ್ತಾರೆ ಎಂಬ ಅವರ ವಾದದಲ್ಲಿ ಹುರುಳಿದೆ.

ಕನ್ನಡನಾಡಿನಲ್ಲಿ ಕೋವಿ ಅಪರಿಚಿತವಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಕೋವಿ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಮಲೆನಾಡಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವು ಪೊಲೀಸ್ ಠಾಣೆ ಸೇರುತ್ತವೆ. ಆದರೆ ಕೊಡಗಿನ ವಿನಾಯಿತಿ ಕೋವಿ ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಗುಂಡು ತಯಾರಿಸಲು ಕೊಟ್ಟ ಅನುಮತಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇಬೇಕು. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರಗಳೂ ಸೇರಿವೆ. 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಹಾಗಾಗಿ ಇಲ್ಲಿರುವವರಿಗೆ ನನ್ನ ಮಾತು ಸರಳ: ಗುಂಡಿನ ಅಚ್ಚಿಗೆ ಕೈಹಾಕಬೇಡಿ. ಬೀಸುಬಲೆಗೆ ಸೀಸದ ಮಣಿ ಎರಕ ಹೊಯ್ಯುವ ಕರಾವಳಿಯ ಮನೆಗಳಿಗೆ ಕಾನೂನಿನ ಈ ಕಾಟವಿಲ್ಲ, ಕಿಟ್ಟದ ಪುಡಿಯ ಕಾಟ ಮಾತ್ರ ಅಷ್ಟೇ ಇದೆ. ಒಲೆಯನ್ನು ಅಡುಗೆಯ ಜಾಗದಿಂದ, ಮಕ್ಕಳು ಆಡುವ ಅಂಗಳದಿಂದ ದೂರ ಒಯ್ಯಿರಿ. ಅಮೆರಿಕದಲ್ಲಿದ್ದು ಈ ಹವ್ಯಾಸಕ್ಕೆ ಮನಸೋತ ಕನ್ನಡಿಗರು ನಿಮ್ಮ ರಾಜ್ಯದ ಕಾನೂನನ್ನು ಮೊದಲು ಓದಿಕೊಳ್ಳಿ. ಪಾತ್ರೆ ಕೊಳ್ಳುವ ಮುಂಚೆಯೇ ಒಮ್ಮೆ ರಕ್ತದ ಸೀಸ ಪರೀಕ್ಷೆ ಮಾಡಿಸಿ ಅಂಕಿ ಬರೆದಿಟ್ಟುಕೊಳ್ಳಿ. ಮುಂದೆ ವರ್ಷಕ್ಕೊಮ್ಮೆ ಹೋಲಿಸಿ ನೋಡಲು ಅದು ಬೇಕು. ಮನೆಯಲ್ಲಿ ಬಸುರಿಯೋ ಆರು ವರ್ಷದೊಳಗಿನ ಮಗುವೋ ಇದ್ದರೆ, ಮಗು ದೊಡ್ಡದಾಗುವವರೆಗೆ ಗುಂಡನ್ನು ಅಂಗಡಿಯಿಂದಲೇ ತನ್ನಿ.